ಮೀನುಗಳ ಮೈಮೇಲಣ ಗಂಟು, ಗಡ್ಡೆ ಮತ್ತು ಹೊಟ್ಟೆಯುಬ್ಬರ

ಕೃಷ್ಣಾ, ತುಂಗಭದ್ರಾ ನದಿಗಳ ನಡುವೆ ಇರುವ ರಾಯಚೂರು ಜಿಲ್ಲೆಯಲ್ಲಿ ಮೀನು ಹೊಸ ಪದಾರ್ಥವಲ್ಲ. ಅಂಬಿಗರೂ ಬೆಸ್ತರೂ ತಲೆತಲಾಂತರದಿಂದ ಈ ಹೊಳೆಗಳಲ್ಲಿ ಬಲೆ ಬೀಸಿದವರೇ ಸರಿ. ಹೊಸದಾಗಿ ಬಂದುದು ಮೀನನ್ನು ಬೆಳೆಯಾಗಿ ಬೆಳೆಯುವ ಪದ್ಧತಿ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಹರಿದ ತರುವಾಯ ಮಾನ್ವಿಯ ಕಡೆ ಬತ್ತದ ಗದ್ದೆಗಳು ಹರಡಿದುವು. ಗದ್ದೆಗಳ ಬಸಿನೀರು ನಿಂತು, ತಗ್ಗಿನ ಕರಿನೆಲವು ಕೆಲವೆಡೆ ಸವಳಾಯಿತು. ಬೆಳೆ ಬಾರದ ಇಂತಹ ನೆಲದಲ್ಲಿ ಒಡ್ಡು ಕಟ್ಟಿ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟ ಭೂಮಾಲೀಕರು ಈಗ ಹಲವರಿದ್ದಾರೆ. ದೇವದುರ್ಗದ ಕಡೆ ಕೆರೆಗಳೂ ಕೃಷಿಹೊಂಡಗಳೂ ಇದೇ ಕೆಲಸಕ್ಕೆ ಒದಗುತ್ತಿವೆ. ರಾಯಚೂರು ಪಟ್ಟಣದಲ್ಲಾದರೋ, ಅಂಗಡಿಗಳಲ್ಲಿಯೂ ವೈದ್ಯರ ಕೊಠಡಿಗಳಲ್ಲಿಯೂ ಮನೆಯ ಪಡಸಾಲೆಯಲ್ಲಿಯೂ ಗಾಜಿನ ತೊಟ್ಟಿಯೊಳಗೆ ಹೊಂಬಣ್ಣದ ಮೀನುಗಳು ಈಜುವುದನ್ನು ಕಾಣಬಹುದು.

ಹೊಂಡದ ಮೀನಿಗಾಗಲಿ ತೊಟ್ಟಿಯ ಮೀನಿಗಾಗಲಿ ಮೈಮೇಲೆ ಗಂಟೆದ್ದರೆ, ಹೊಟ್ಟೆ ಉಬ್ಬಿದರೆ, ಯಜಮಾನನು ಮಾಡುವುದು ಪ್ರಾಯಶಃ ಒಂದೇ: ಅಂಗಡಿಗೆ ಹೋಗಿ ಸಿಕ್ಕಿದ ಔಷಧದ ಬುಡ್ಡಿಯನ್ನು ತಂದು ನೀರಿಗೆ ಸುರಿಯುವುದು. ಬತ್ತದ ಹುಳುವಿಗೆಂದು ತಂದಿರಿಸಿದ ವಿಷವನ್ನೇ ಅಳತೆಯಿಲ್ಲದೆ ಹೊಂಡಕ್ಕೆ ಹಾಕುವವರೂ ಉಂಟು. ಇಂತಹ ವಿಷಗಳಲ್ಲಿ ಪೈರೆತ್ರಾಯ್ಡ್ ಜಾತಿಯವು ಮೀನಿಗೆ ಅತಿ ಘೋರವಾದುವು. ಗದ್ದೆಯಲ್ಲಿ ಹುಳುವನ್ನು ಕೊಲ್ಲುವುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಅವು ಹೊಂಡದ ಮೀನುಗಳನ್ನು ಒಂದೇ ರಾತ್ರಿಯಲ್ಲಿ ಮಗುಚಿ ಹಾಕಬಲ್ಲವು. ವರುಷವಿಡೀ ತೌಡು, ಶೇಂಗಾ ಹಿಂಡಿ ಹಾಕಿ ಸಾಕಿದ ಮೀನು ಜಾಡ್ಯದಿಂದಲ್ಲ, ಚಿಕಿತ್ಸೆಯಿಂದ ಸಾಯುವುದೆಂದರೆ ಇದೇ.

ಗಂಟು, ಉಬ್ಬರ ಎಂಬುವು ಜಾಡ್ಯದ ಹೆಸರಲ್ಲ, ಕೇವಲ ಚಿಹ್ನೆಗಳು. ಒಂದೇ ಚಿಹ್ನೆಗೆ ಹತ್ತು ಕಾರಣಗಳಿರಬಹುದು. ಅವುಗಳಲ್ಲಿ ಕೆಲವಕ್ಕೆ ಉಪ್ಪು ಸಾಕು, ಕೆಲವಕ್ಕೆ ಯಾವ ಮದ್ದೂ ಇಲ್ಲ, ಮತ್ತೆ ಕೆಲವು ಜಾಡ್ಯವೇ ಅಲ್ಲ.

ಜಾಡ್ಯವಲ್ಲದ ಉಬ್ಬರ

ಮುಂಗಾರು ಕೂಡಿದ ಮೇಲೆ, ಎಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಪ್ರಾಯಕ್ಕೆ ಬಂದ ಹೆಣ್ಣು ಮೀನಿನ ಹೊಟ್ಟೆಯು ತತ್ತಿಗಳಿಂದ ತುಂಬಿರುವುದು. ಇದರ ಉಬ್ಬು ಎರಡು ಪಕ್ಕಗಳಲ್ಲಿಯೂ ಸಮನಾಗಿಯೂ ಮುಟ್ಟಿದರೆ ಮೆತ್ತಗಾಗಿಯೂ ಇರುತ್ತದೆ; ಗುದದ್ವಾರವು ಕೆಂಪೇರಿ ಸ್ವಲ್ಪ ಉಬ್ಬಿರುತ್ತದೆ; ಹುರುಪೆಗಳು ಮೈಗೆ ಅಂಟಿಕೊಂಡೇ ಇರುತ್ತವೆ; ಮೀನು ಮೇವನ್ನು ತಿನ್ನುತ್ತಲೂ ಚುರುಕಾಗಿಯೂ ಇರುತ್ತದೆ. ಕಾಟ್ಲಾ, ರೋಹು, ಮೃಗಾಲ್‌ಗಳು ಹರಿವ ಹೊಳೆಯ ಪ್ರವಾಹದಲ್ಲಿ ತತ್ತಿಯಿಡುವ ಜಾತಿಗಳಾದುದರಿಂದ ನಿಂತ ನೀರಿನ ಹೊಂಡದಲ್ಲಿ ತತ್ತಿಯನ್ನು ಚೆಲ್ಲುವುದಿಲ್ಲ. ಕಾಲ ಕಳೆದ ಮೇಲೆ ಅದು ದೇಹದೊಳಗೇ ಕರಗಿಹೋಗುವುದು. ಇದನ್ನರಿಯದೆ ಆಷಾಢದಲ್ಲಿ ಹೊಟ್ಟೆ ದಪ್ಪಗಾದ ಮೀನುಗಳನ್ನೆಲ್ಲ ಹಿಡಿಸಿ ಅಗ್ಗಕ್ಕೆ ಮಾರುವುದು ಕೇವಲ ನಷ್ಟ.

ಗಾಜಿನ ತೊಟ್ಟಿಯ ಹೊಂಬಣ್ಣದ ಗಂಡು ಮೀನಿಗೆ ಬೆದೆಯ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೂ ಮುಂದಿನ ಈಜುರೆಕ್ಕೆಯ ಅಂಚಿನಲ್ಲಿಯೂ ರವೆಯಂತಹ ಬಿಳಿಯ ಚುಕ್ಕೆಗಳು ಸಾಲಾಗಿ ಏಳುವುವು. ಅದು ಗಂಡುತನದ ಗುರುತು. ಇನ್ನು ಒರಾಂಡಾ, ಸಿಂಹಮುಖ ಎಂಬ ತಳಿಗಳಿಗೆ ನೆತ್ತಿಯ ಮೇಲೆ ಹಣ್ಣಿನಂತೆ ಬೆಳೆಯುವ ಮಾಂಸವು ತಳಿಗಾರರು ಆರಿಸಿ ಆರಿಸಿ ಬೆಳೆಸಿದ ಅಲಂಕಾರ. ಅದನ್ನು ಗಡ್ಡೆಯೆಂದು ಬಗೆದು ಕತ್ತರಿಸಹೋಗಬಾರದು. ಅದು ಕಣ್ಣನ್ನು ಮುಚ್ಚುವಷ್ಟು ಬೆಳೆದು ಮೀನಿಗೆ ಮೇವು ಕಾಣದಂತಾದರೆ ಮಾತ್ರ ಯೋಚಿಸತಕ್ಕದ್ದು.

ಸತ್ತ ಮೀನಿನ ಸಾಕ್ಷ್ಯ

ಸತ್ತು ತೇಲುತ್ತಿರುವ ಮೀನಿನ ಉಬ್ಬಿದ ಹೊಟ್ಟೆಯು ಏನನ್ನೂ ಸಾಧಿಸುವುದಿಲ್ಲ. ರಾಯಚೂರಿನ ಬೇಸಗೆಯಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ದಾಟುವಾಗ ಸತ್ತ ಮೀನು ಕೆಲವೇ ಗಂಟೆಗಳಲ್ಲಿ ಕೊಳೆತು ವಾಯುವಿನಿಂದ ಊದಿಕೊಳ್ಳುವುದು. ಯಾವ ಕಾರಣದಿಂದ ಸತ್ತಿದ್ದರೂ ಊದಿಕೊಳ್ಳುವುದು. ಆದಕಾರಣ ಪರೀಕ್ಷೆಗೆ ಸಾಯುವ ಸ್ಥಿತಿಯಲ್ಲಿದ್ದು ಇನ್ನೂ ಉಸಿರಾಡುತ್ತಿರುವ ಮೀನನ್ನೇ ಆರಿಸಬೇಕು. ಅಂತಹ ನಾಲ್ಕಾರು ಮೀನುಗಳು ದಡದ ಹತ್ತಿರ, ನೀರು ಒಳಬರುವ ತೂಬಿನ ಬಳಿ, ಬಳಗವನ್ನು ಬಿಟ್ಟು ನಿಂತಿರುವುವು.

ಮೊದಲು ಮೀನನ್ನು ಮೇಲಿನಿಂದ ನೋಡಿ ಎರಡು ಪಕ್ಕಗಳೂ ಸಮನಾಗಿವೆಯೇ ಎಂಬುದನ್ನು ಗಮನಿಸಬೇಕು. ಅನಂತರ ಕಿವಿರಿನ ಮುಚ್ಚಳವನ್ನು ಎತ್ತಿ ನೋಡಬೇಕು. ಆರೋಗ್ಯವಂತ ಮೀನಿನ ಕಿವಿರು ಆಗತಾನೆ ಕೊಯ್ದ ರಕ್ತದ ಬಣ್ಣವಿರುತ್ತದೆ. ಬಿಳಿಚಿದ, ಕಂದಿದ ಅಥವಾ ಲೋಳೆ ತುಂಬಿದ ಕಿವಿರು ಜಾಡ್ಯವನ್ನು ತೋರುವುದು. ಒಂದು ಮೀನನ್ನು ಬಲಿಕೊಟ್ಟು ಹೊಟ್ಟೆಯನ್ನು ಸೀಳಿದರೆ ಉಬ್ಬರದ ಗುಟ್ಟು ಬಯಲಾಗುವುದು. ಹಳದಿ ಅಥವಾ ರಕ್ತಮಿಶ್ರಿತ ನೀರು ಸುರಿದರೆ ಜಲೋದರ. ಅಗಲವಾದ ಬಿಳಿಯ ಲಾಡಿಯಂತಹ ಹುಳು ಹೊರಬಂದರೆ ಲಾಡಿಹುಳುವಿನ ಬಾಧೆ. ಬಿಳಿಯ ಕೊಬ್ಬು ಕರುಳನ್ನು ಸುತ್ತಿದ್ದರೆ ಮೇವು ಹೆಚ್ಚಾದುದೇ ದೋಷ. ಒಡೆಯರು ಈ ಕೆಲಸಕ್ಕೆ ಹಿಂದೆಗೆಯುವುದನ್ನು ಅನೇಕ ಸಲ ನೋಡಬಹುದು. ಬಲೆ ಬೀಸುವ ಅಂಬಿಗನಿಗೆ ಇದು ನಿಮಿಷದ ಕೆಲಸ, ಮತ್ತು ಅವನ ಕಣ್ಣು ಬಹಳ ಸೂಕ್ಷ್ಮವಾದುದು. ಅವನು ಹೇಳುವುದನ್ನು ಕೇಳುವುದು ಮೇಲು.

ಜಲೋದರ

ಇದರಲ್ಲಿ ಹೊಟ್ಟೆಯು ನೀರು ತುಂಬಿ ಊದುವುದಲ್ಲದೆ, ಹುರುಪೆಗಳು ಬುಡದಿಂದೆದ್ದು ನಿಲ್ಲುವುವು. ಮೇಲಿನಿಂದ ನೋಡಿದರೆ ಮೀನಿನ ಮೈ ಸೀತಾಫಲದ ಹೊರಮೈಯಂತೆ ಕಾಣುವುದು. ಕಣ್ಣುಗುಡ್ಡೆಗಳು ಹೊರಕ್ಕೆ ಚಾಚಿರುವುದೂ ಉಂಟು. ಬಹುಮಟ್ಟಿಗೆ ಏರೊಮೊನಾಸ್ ಎಂಬ ಸೂಕ್ಷ್ಮಜೀವಿಯು ಇದಕ್ಕೆ ಕಾರಣ. ಅದು ಎಲ್ಲ ಕೆರೆಹೊಂಡಗಳ ನೀರಿನಲ್ಲಿಯೂ ಯಾವಾಗಲೂ ಇದ್ದೇ ಇರುತ್ತದೆ. ನೀರು ಕೆಟ್ಟು, ಮೇವು ಕೊಳೆತು, ಮೀನಿನ ಸಂಖ್ಯೆ ಮಿತಿಮೀರಿ, ಅದರ ತ್ರಾಣವು ಕುಗ್ಗಿದಾಗ ಅದು ಒಳಹೊಕ್ಕು ಮೂತ್ರಪಿಂಡವನ್ನು ಕೆಡಿಸುವುದು. ಸಿಹಿನೀರಿನ ಮೀನಿನ ಮೈಯೊಳಕ್ಕೆ ನೀರು ಎಡೆಬಿಡದೆ ಇಳಿಯುತ್ತಿರುತ್ತದೆ. ಅದನ್ನು ಹೊರಹಾಕುವ ಯಂತ್ರ ಮೂತ್ರಪಿಂಡವೇ ಆದುದರಿಂದ, ಅದು ನಿಂತರೆ ಮೀನು ಒಳಗಿನಿಂದಲೇ ಕೊಡದಂತೆ ತುಂಬಿಕೊಳ್ಳುವುದು. ಹುರುಪೆ ಪೂರ್ತಿ ಎದ್ದುನಿಂತ ಮೀನು ಬದುಕುವುದು ಅಪರೂಪ. ಚಿಕಿತ್ಸೆಯ ಪ್ರಯೋಜನವು ಮುಖ್ಯವಾಗಿ ಉಳಿದ ಮೀನುಗಳಿಗೆ.

ಹೊಂಡದಲ್ಲಾದರೆ ಮೇವನ್ನು ಕೂಡಲೇ ನಿಲ್ಲಿಸಿ, ಉಬ್ಬಿದ ಮೀನುಗಳನ್ನು ತೆಗೆಸಿ, ಸಾಧ್ಯವಿದ್ದಷ್ಟು ಹೊಸ ನೀರನ್ನು ಕೊಡಬೇಕು. ಲೀಟರಿಗೆ ಒಂದು ಮಿಲಿಗ್ರಾಂ ಪ್ರಮಾಣದಲ್ಲಿ ಪೊಟಾಸಿಯಂ ಪರ್ಮಾಂಗನೇಟನ್ನು ಹಾಕುವುದು ರೂಢಿಯಲ್ಲಿರುವ ಕ್ರಮ. ಒಂದು ಎಕರೆ ವಿಸ್ತಾರ, ಒಂದು ಮೀಟರು ಆಳದ ಹೊಂಡದಲ್ಲಿ ಸುಮಾರು 4,000 ಘನಮೀಟರು ನೀರಿರುವುದರಿಂದ ಅದಕ್ಕೆ 4 ಕಿಲೋ ಬೇಕಾಗುವುದು. ಇದನ್ನು ಮೊದಲು ಪಾತ್ರೆಗಳಲ್ಲಿ ಕರಗಿಸಿ, ಹೊಂಡದ ಎಲ್ಲ ಕಡೆಗೂ ಸಮನಾಗಿ ಎರಚಬೇಕು. ಹರಳನ್ನೇ ಚೆಲ್ಲಿದರೆ ಮೀನು ಅದನ್ನು ನುಂಗಿ ಸುಟ್ಟುಕೊಳ್ಳುವುದು. ಮೀನುಗಳು ಬೆಳಗಿನ ಜಾವದಲ್ಲಿ ಬಾಯಿ ತೆರೆದು ಮೇಲೆ ತೇಲುತ್ತಿದ್ದರೆ ನೀರಿನಲ್ಲಿ ಪ್ರಾಣವಾಯು ಸಾಲದೆಂದು ತಿಳಿದು, ಮೊದಲು ನೀರು ಹಾಯಿಸಿ ಆ ಕೊರತೆಯನ್ನು ನೀಗಿದ ಮೇಲೆಯೇ ಔಷಧದ ಮಾತು. ಹಿಡಿದ ಮೀನುಗಳನ್ನು ಅದ್ದಿ ತೆಗೆಯುವುದಾದರೆ ನೂರು ಲೀಟರು ನೀರಿಗೆ ಅರ್ಧ ಗ್ರಾಂ ಕರಗಿಸಿ ಎರಡು ನಿಮಿಷ ಇರಿಸಿದರೆ ಸಾಕು.

ಗಾಜಿನ ತೊಟ್ಟಿಯ ಮೀನನ್ನು ಬೇರೆ ಪಾತ್ರೆಗೆ ತೆಗೆದು, ಲೀಟರಿಗೆ ಒಂದರಿಂದ ಎರಡು ಗ್ರಾಂ ಕಲ್ಲುಪ್ಪನ್ನು ಕರಗಿಸಿ ಇಡಬೇಕು. ನೀರಿನ ಉಪ್ಪಂಶವು ಸ್ವಲ್ಪ ಹೆಚ್ಚಿದರೆ ಮೀನಿನ ಮೈಯೊಳಕ್ಕೆ ಇಳಿಯುವ ನೀರು ಕಡಿಮೆಯಾಗುವುದು. ಹುರುಪೆಗಳು ಏಳದೆ ಹೊಟ್ಟೆ ಮಾತ್ರ ಉಬ್ಬಿ, ಮೀನು ಓರೆಯಾಗಿ ಅಥವಾ ತಲೆಕೆಳಗಾಗಿ ಈಜುತ್ತಿದ್ದರೆ ಅದು ಪ್ರಾಯಶಃ ಮಲಬದ್ಧತೆ. ಎರಡು ಮೂರು ದಿನ ಮೇವು ಕೊಡದೆ, ಬಳಿಕ ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯನ್ನು ಚೂರುಮಾಡಿ ಹಾಕಿದರೆ ಹೊಂಬಣ್ಣದ ಮೀನಿಗೆ ಗುಣವಾಗುವುದು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಮೊದಲಾದ ಔಷಧಗಳನ್ನು ಆಹಾರದ ಮೀನಿಗೆ ಬಳಸುವುದು ಭಾರತದಲ್ಲಿ ನಿಷಿದ್ಧವಾಗಿದೆ. ಅಂಗಡಿಯವನು ಕೊಟ್ಟನೆಂಬುದು ಸಮಾಧಾನವಾಗಲಾರದು.

ಕೆಂಪು ಹುಣ್ಣಿನ ಜಾಡ್ಯ

ಗ್ರಾಮದ ಮುಖ್ಯಸ್ಥರು ಎಲ್ಲಕ್ಕಿಂತ ಹೆಚ್ಚಾಗಿ ತಿಳಿದಿರಬೇಕಾದುದು ಇದನ್ನು. ಚಳಿಗಾಲದ ಆರಂಭದಲ್ಲಿ ಮೀನಿನ ಮೈಮೇಲೆ ಕೆಂಪು ಮಚ್ಚೆಗಳು ಕಾಣಿಸಿಕೊಂಡು, ಅವು ಊದಿ, ಹುರುಪೆ ಉದುರಿ, ಆಳವಾದ ಹುಣ್ಣುಗಳಾಗುವುವು. ತಲೆಯ ಮಾಂಸವೇ ಕರಗಿ ಹೋಗಿದ್ದರೂ ಮೀನು ಈಜುತ್ತಿರುವುದನ್ನು ಕಂಡು ಜನರು ಹೆದರುವುದು ಸಹಜ. ಜಪಾನಿನಲ್ಲಿ 1971ರಲ್ಲಿಯೂ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ 1972ರಲ್ಲಿಯೂ ಕಾಣಿಸಿಕೊಂಡ ಈ ಜಾಡ್ಯವು ಆಗ್ನೇಯ ಏಷ್ಯದ ದೇಶಗಳನ್ನು ಹಾದು 1988ರಲ್ಲಿ ಈಶಾನ್ಯ ಭಾರತಕ್ಕೆ ಬಂದು, ಅಲ್ಲಿಂದ ರಾಜ್ಯ ರಾಜ್ಯಗಳಿಗೆ ಹರಡಿತು. ಆಗ ಮೀನು ತಿಂದರೆ ಮನುಷ್ಯರಿಗೂ ಹುಣ್ಣೇಳುವುದೆಂಬ ಸುದ್ದಿ ಹಬ್ಬಿ, ಹುಣ್ಣಿಲ್ಲದ ಮೀನನ್ನೂ ಕೊಳ್ಳುವವರಿಲ್ಲದೆ ಮೀನುಗಾರರ ಒಲೆ ಆರಿದ ಊರುಗಳುಂಟು. ಅಫನೊಮೈಸಿಸ್ ಇನ್ವಾಡನ್ಸ್ ಎಂಬ ಬೂಷ್ಟಿನಂತಹ ಜೀವಿಯು ಇದರ ಮೂಲವೆಂದು ಆಮೇಲೆ ಗೊತ್ತಾಯಿತು. ಅದು ಮನುಷ್ಯರಿಗೆ ಅಂಟುವುದಿಲ್ಲ. ಹುಣ್ಣಾದ ಮೀನನ್ನು ಮಾರಬಾರದು, ತಿನ್ನಬಾರದು ಎಂಬುದೇನೋ ಸರಿಯೇ. ಕೊಳೆತ ಹುಣ್ಣಿನಲ್ಲಿ ಬೇರೆ ಸೂಕ್ಷ್ಮಜೀವಿಗಳು ಸೇರಿರುತ್ತವೆ. ಆದರೆ ಊರಿನಲ್ಲಿ ಡಂಗುರ ಹೊಯ್ಸಿ ಮೀನನ್ನೇ ನಿಲ್ಲಿಸುವುದು ಬಡ ಅಂಬಿಗರ ಕೂಳಿಗೆ ಕಲ್ಲು ಹಾಕಿದಂತೆ. ಗೌಡರು ಇಂತಹ ಸಮಯದಲ್ಲಿ ಒಳ್ಳೆಯ ಮೀನನ್ನು ಎಲ್ಲರೆದುರು ತಾವೇ ಕೊಂಡರೆ ಸಾವಿರ ಮಾತಿಗಿಂತ ಅದು ಹೆಚ್ಚು ಕೆಲಸ ಮಾಡುವುದು.

ಈ ಜಾಡ್ಯವು ಮೊದಲು ಕೊರವ ಮೀನಿನಂತಹ ಕಾಡುಮೀನುಗಳಿಗೂ ಸಣ್ಣ ಪಕ್ಕೆಗಳಿಗೂ ತಗಲುವುದು. ಹೊಂಡಕ್ಕೆ ನುಗ್ಗಿದ ಕಾಡುಮೀನಿನಲ್ಲಿ ಹುಣ್ಣು ಕಂಡರೆ ಸಾಕಿದ ಮೀನಿಗೆ ಅದು ಮುನ್ನೆಚ್ಚರಿಕೆಯೆಂದು ತಿಳಿಯತಕ್ಕದ್ದು. ಸಾಮಾನ್ಯ ಗೆಂಡೆಯು ಇದನ್ನು ಬಹುಮಟ್ಟಿಗೆ ತಡೆದುಕೊಳ್ಳುವುದು. ಒಡಿಶಾದ ಕೌಸಲ್ಯಾಗಂಗದಲ್ಲಿರುವ ಕೇಂದ್ರ ಸಿಹಿನೀರು ಮೀನುಕೃಷಿ ಸಂಸ್ಥೆಯವರು ಇದಕ್ಕಾಗಿ ಸಿಫ್ಯಾಕ್ಸ್ ಎಂಬ ಔಷಧವನ್ನು ಸಿದ್ಧಪಡಿಸಿದ್ದಾರೆ. ಒಂದು ಹೆಕ್ಟೇರು ವಿಸ್ತಾರ, ಒಂದು ಮೀಟರು ಆಳದ ನೀರಿಗೆ ಒಂದು ಲೀಟರು, ಎಂದರೆ ಎಕರೆಗೆ ಸುಮಾರು 400 ಮಿಲಿಲೀಟರು, ನೀರಿನಲ್ಲಿ ಬೆರೆಸಿ ಎರಚಬೇಕು.

ಚಳಿಗೆ ಮುಂಚೆ ಎಕರೆಗೆ 80 ಕಿಲೋ ಸುಣ್ಣವನ್ನು ಹಾಕಬೇಕೆಂಬ ಸಲಹೆಯು ಬಹಳ ಪುಸ್ತಕಗಳಲ್ಲಿದೆ. ಆದರೆ ಈ ಸಲಹೆಯು ಹುಳಿನೆಲದ ಪ್ರಾಂತಗಳಲ್ಲಿ ಹುಟ್ಟಿದುದು. ಮಾನ್ವಿಯ ಸವಳು ತಗ್ಗಿನ ಹೊಂಡಗಳಲ್ಲಿ ನೀರು ಮೊದಲೇ ಕ್ಷಾರವಾಗಿರಬಹುದು. ಅಂತಹ ನೀರಿಗೆ ಸುಣ್ಣ ಸುರಿದರೆ ಕ್ಷಾರವು ಏರಿ, ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯವು ವಿಷರೂಪವನ್ನು ತಾಳುವುದು. ನೀರಿನ ಪಿ.ಎಚ್. ಪರೀಕ್ಷೆ ಮಾಡಿಸದೆ, 8.5 ಮೀರಿದ ನೀರಿಗೆ ಸುಣ್ಣವನ್ನು ಮುಟ್ಟಿಸಬಾರದು. ಅಚ್ಚಾದ ಸಲಹೆಯೆಲ್ಲ ಎಲ್ಲ ನೆಲಕ್ಕೂ ಒಪ್ಪುವುದಿಲ್ಲ.

ಹೇನು, ಹುಳು ಮತ್ತು ಬಿಳಿಯ ಗಂಟುಗಳು

ಮೀನು ದಡಕ್ಕೂ ಕಲ್ಲಿಗೂ ಮೈಯನ್ನು ಉಜ್ಜಿಕೊಳ್ಳುತ್ತಿದ್ದು, ಅಲ್ಲಲ್ಲಿ ಕೆಂಪಾದ ಉಬ್ಬುಗಳಿದ್ದರೆ ಮೀನುಹೇನನ್ನೋ ಲಂಗರುಹುಳುವನ್ನೋ ಹುಡುಕಬೇಕು. ಹೇನು ಚಪ್ಪಟೆಯಾಗಿ ಪಾರದರ್ಶಕವಾಗಿದ್ದು ಹುರುಪೆಯ ಮೇಲೆ ಹರಿದಾಡುವುದು; ಲಂಗರುಹುಳುವು ತಲೆಯನ್ನು ಮಾಂಸದಲ್ಲಿ ನೆಟ್ಟು, ದಾರದ ತುಂಡಿನಂತೆ ಹೊರಗೆ ಜೋತಾಡುವುದು. ತೊಟ್ಟಿಯ ಮೀನಿನಿಂದ ಇದನ್ನು ಚಿಮಟಿಗೆಯಿಂದ ಬುಡಕ್ಕೆ ಹಿಡಿದು ಮೆಲ್ಲನೆ ಎಳೆದು ತೆಗೆದು, ಗಾಯಕ್ಕೆ ಪರ್ಮಾಂಗನೇಟಿನ ತೆಳು ದ್ರಾವಣವನ್ನು ಸವರಬಹುದು. ಹೊಂಡದ ಹೇನಿಗೆ ಒಂದು ಸುಲಭೋಪಾಯವಿದೆ. ಹೇನು ತನ್ನ ತತ್ತಿಗಳನ್ನು ಮೀನಿನ ಮೇಲಿಡದೆ ಗಟ್ಟಿಯಾದ ವಸ್ತುಗಳಿಗೆ ಅಂಟಿಸುವುದು. ಆದುದರಿಂದ ಬಿದಿರಿನ ತುಂಡು, ಹಂಚು, ಹಲಗೆಗಳನ್ನು ಹೊಂಡದಲ್ಲಿ ಇಳಿಬಿಟ್ಟು, ಆಗಾಗ್ಗೆ ಹೊರತೆಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ತತ್ತಿಗಳು ನಾಶವಾಗುವುವು. ರಾಯಚೂರಿನ ಬಿಸಿಲಿಗೆ ಬೆಲೆಯಿಲ್ಲ.

ಕಾಟ್ಲಾ, ರೋಹುಗಳ ಕಿವಿರಿನಲ್ಲಿಯೂ ಹುರುಪೆಯ ಅಡಿಯಲ್ಲಿಯೂ ಸಜ್ಜೆ ಕಾಳಿನಂತಹ ಬಿಳಿಯ ಗಂಟುಗಳು ಕಂಡರೆ ಅವು ಮಿಕ್ಸೊಸ್ಪೊರಿಡಿಯ ಎಂಬ ಪರೋಪಜೀವಿಯ ಗೂಡುಗಳು. ಇವಕ್ಕೆ ನಂಬಬಹುದಾದ ಮದ್ದಿಲ್ಲ. ಸಂಖ್ಯೆಯನ್ನು ತಗ್ಗಿಸಿ, ಎಕರೆಗೆ 2,000 ಬಲಿತ ಮರಿಗಳಿಗಿಂತ ಹೆಚ್ಚು ಬಿಡದೆ, ಬೆಳೆ ತೆಗೆದ ಮೇಲೆ ಹೊಂಡವನ್ನು ಬಿರುಕು ಬಿಡುವವರೆಗೆ ಒಣಗಿಸುವುದೊಂದೇ ದಾರಿ. ಇವು ಹೊಂಡಕ್ಕೆ ಬರುವುದು ಪ್ರಾಯಶಃ ಮರಿಗಳ ಜೊತೆಯಲ್ಲಿಯೇ. 1957ರಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಮೀನಿಗೆ ಚುಚ್ಚುಮದ್ದಿನಿಂದ ತತ್ತಿಯಿಡಿಸುವ ಕ್ರಮವನ್ನು ಸಾಧಿಸಿದಂದಿನಿಂದ ಬಿತ್ತನೆ ಮೀನು ಹೊಳೆಗೆ ಕಾಯದೆ ಲಾರಿಯೇರಿ ದೂರ ದೂರ ಹೋಗುತ್ತಿದೆ. ಅದರೊಡನೆ ಜಾಡ್ಯವೂ ಪ್ರಯಾಣ ಮಾಡುವುದು. ಆದುದರಿಂದ ಮರಿಗಳನ್ನು ಕೊಳ್ಳುವಾಗ ಹತ್ತಿಪ್ಪತ್ತು ಮರಿಗಳ ಕಿವಿರನ್ನು ಎತ್ತಿ ನೋಡಿಯೇ ಹಣ ಕೊಡಬೇಕು. ಹೊಂಡಕ್ಕೆ ಬಿಡುವ ಮುನ್ನ ಹತ್ತು ಲೀಟರು ನೀರಿಗೆ 300 ಗ್ರಾಂ ಉಪ್ಪು ಕರಗಿಸಿದ ದ್ರಾವಣದಲ್ಲಿ ಎರಡು ಮೂರು ನಿಮಿಷ ಅದ್ದಬೇಕು. ಮೀನು ಮಗುಚುವಂತೆ ತೋರಿದರೆ ಆ ಕ್ಷಣವೇ ಎತ್ತಬೇಕು.

ತೊಟ್ಟಿಯ ಮೀನಿನ ಮೈಮೇಲೆಲ್ಲ ಉಪ್ಪು ಉದುರಿಸಿದಂತೆ ಚುಕ್ಕೆಗಳೆದ್ದರೆ ಅದು ಬಿಳಿಚುಕ್ಕೆ ಜಾಡ್ಯ. ಇದರ ಕ್ರಿಮಿಯು ಚರ್ಮದ ಒಳಗಿರುವಾಗ ಯಾವ ಔಷಧವೂ ತಾಕುವುದಿಲ್ಲ. ಅದು ಬಲಿತು ಉದುರಿ, ತಳದಲ್ಲಿ ಒಡೆದು, ನೂರಾರು ಮರಿಕ್ರಿಮಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುವುದು. ಚುಕ್ಕೆಗಳು ಮಾಯವಾದುವೆಂದು ಚಿಕಿತ್ಸೆಯನ್ನು ನಿಲ್ಲಿಸಿದವರ ತೊಟ್ಟಿಯಲ್ಲಿ ಅದು ವಾರದೊಳಗೆ ಇಮ್ಮಡಿಯಾಗಿ ಮರಳುವ ಕಾರಣ ಇದೇ. ಲೀಟರಿಗೆ ಒಂದು ಗ್ರಾಂನಿಂದ ಆರಂಭಿಸಿ ಎರಡು ದಿನಗಳಲ್ಲಿ ಮೂರು ಗ್ರಾಂವರೆಗೆ ಉಪ್ಪನ್ನು ಏರಿಸಿ, ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಬೇಕು. ಹುರುಪೆಯಿಲ್ಲದ ಮೀನುಗಳು ಉಪ್ಪನ್ನು ಸಹಿಸಲಾರವಾದುದರಿಂದ ಅವನ್ನು ಬೇರಿಡಬೇಕು. ನಲ್ಲಿಯ ನೀರನ್ನು ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ಕ್ಲೋರಿನ್ ಆರಿದ ಮೇಲೆಯೇ ಬಳಸಬೇಕು.

ಮುದಿ ಮೀನಿಗೆ ಏಳುವ ನಿಜವಾದ ಗಡ್ಡೆಗಳಿಗೆ ನೀರಿನಲ್ಲಿ ಹಾಕುವ ಔಷಧವಾವುದೂ ಇಲ್ಲ. ಮೇಣದ ಹನಿ ಬಿದ್ದಂತೆ ನುಣ್ಣನೆಯ ಉಬ್ಬುಗಳಾದರೆ ಅವು ಗೆಂಡೆಯ ಜಾತಿಗೆ ಚಳಿಯಲ್ಲಿ ಬರುವ ಸಿಡುಬು. ಬಿಸಿಲು ಬಲಿತಂತೆ ತಾವೇ ಉದುರುವುವು. ಬೆಳೆಯುತ್ತಲೇ ಇರುವ ಗಡ್ಡೆಯಿಂದ ಮೀನು ಮೇವು ಬಿಟ್ಟು ನರಳುತ್ತಿದ್ದರೆ, ನೀರಿಗೆ ಲವಂಗದ ಎಣ್ಣೆಯನ್ನು ಕಲಸಿ ನೋವಿಲ್ಲದೆ ಮಲಗಿಸುವುದು ದಯೆಯ ಕೆಲಸ. ಅಂತಹ ಮೀನನ್ನು ಜೀವಸಹಿತ ಕೆರೆಗೆ ಬಿಡುವುದು ಪುಣ್ಯವೆಂದು ಕೆಲವರು ಭಾವಿಸುವರು. ಒಬ್ಬರ ತೊಟ್ಟಿಯ ಜಾಡ್ಯವನ್ನು ಊರಿನ ಕೆರೆಗೆ ಇಳಿಸುವುದರಲ್ಲಿ ಪುಣ್ಯವೇನೂ ಕಾಣದು.

ಸಂಶಯ ಬಂದಲ್ಲಿ ತಾಲ್ಲೂಕಿನ ಮೀನುಗಾರಿಕೆ ಕಛೇರಿಗೆ ಹೋಗುವವರು ಜೀವವಿರುವ ಎರಡು ಮೂರು ಮೀನುಗಳನ್ನು ಹೊಂಡದ ನೀರಿನಲ್ಲಿಯೇ, ಗಾಳಿ ತುಂಬಿದ ಚೀಲದಲ್ಲಿ ಒಯ್ಯಬೇಕು. ಒಂದು ಸೀಸೆಯಲ್ಲಿ ಹೊಂಡದ ನೀರನ್ನು ಪ್ರತ್ಯೇಕವಾಗಿ ತುಂಬಿಕೊಂಡಿರಬೇಕು. ಮರಿ ಬಿಟ್ಟ ತಾರೀಖು, ಸಂಖ್ಯೆ, ದಿನಕ್ಕೆ ಹಾಕಿದ ಮೇವು, ಮೊದಲ ಮೀನು ಸತ್ತ ದಿನ, ಪಕ್ಕದ ಗದ್ದೆಗೆ ಔಷಧ ಹೊಡೆದ ದಿನ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಪರೀಕ್ಷೆ ಮುಗಿದಂತೆ. ಸತ್ತ ಮೀನುಗಳನ್ನು ಕಾಲುವೆಗೆ ಎಸೆದರೆ ಕೆಳಗಿನ ಹೊಂಡಗಳಿಗೆಲ್ಲ ಜಾಡ್ಯ ತಲುಪುವುದು. ಹೊಂಡದಿಂದಲೂ ಬಾವಿಯಿಂದಲೂ ದೂರದಲ್ಲಿ ಆಳವಾದ ಗುಂಡಿ ತೋಡಿಸಿ, ಮೇಲೆ ಸುಟ್ಟ ಸುಣ್ಣವನ್ನು ಚೆಲ್ಲಿ, ನಾಯಿಗಳು ಕೆದರದಂತೆ ಮಣ್ಣು ಮುಚ್ಚಿಸಬೇಕು. ಅಲ್ಲಿ ಬಳಸಿದ ಬಲೆಯನ್ನು ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸುವವರೆಗೆ ಬೇರೆ ಹೊಂಡಕ್ಕೆ ಇಳಿಸಗೊಡಬಾರದು.